ಗಿರಣಿ ಇಂದ್ರವ್ವನ ಧೂಮಕೇತು

ಆ ಕಡೆ ರಾಮದುರ್ಗದ ಮಲಪ್ರಭೆಯ ದಂಡೆ, ಈ ಕಡೆ ಕಿತ್ತೂರಿನ ಕೋಟೆಗೋಡೆ, ನಡುವೆ ಸವದತ್ತಿ ಮತ್ತು ಬೈಲಹೊಂಗಲ. ಇಷ್ಟು ಸೀಮೆಯೊಳಗೆ ‘ಧೂಮಕೇತುವಿನ ಬೆನ್ನೇರಿದ ಗಂಗಾ’ ಎಂಬ ಕಾದಂಬರಿಯನ್ನು ಓದದವರು ಇಬ್ಬರೇ ಇಬ್ಬರು. ಒಬ್ಬ ಇನ್ನೂ ಹುಟ್ಟಿಲ್ಲ, ಇನ್ನೊಬ್ಬ ಹುಟ್ಟಿದ ದಿನದಿಂದ ಎದ್ದಿಲ್ಲ. ಉಳಿದವರೆಲ್ಲ ಓದಿದ್ದಾರೆ. ನಂಬಿಕೆ ಬಾರದಿದ್ದರೆ ಬೈಲಹೊಂಗಲದ ಪೇಟೆಯಲ್ಲಿ ನಿಂತು ‘ಗಂಗಾ’ ಎಂದು ಒಮ್ಮೆ ಕೂಗಿ ನೋಡಿ. ಅಡತಿ ಅಂಗಡಿಯವನು ತೂಗುತ್ತಿದ್ದ ಬೆಲ್ಲದ ಪೆಂಟೆಯನ್ನು ಕಾಲ ಮೇಲೆ ಹಾಕಿಕೊಂಡು “ಪಾಪ, ಆ ಹುಡಿಗಿ!” ಎನ್ನದಿದ್ದರೆ ನನ್ನ ಹೆಸರು ಬಸಯ್ಯನಲ್ಲ. ಇಂಥ ಪುಸ್ತಕವನ್ನು ಅಚ್ಚು ಹಾಕಿದ್ದು ನನ್ನ ಮುದ್ರಣಾಲಯ. ಬರೆದದ್ದು ನಮ್ಮ ಓಣಿಯ ಗಿರಣಿ ಇಂದ್ರವ್ವ.

ಇಂದ್ರವ್ವನ ತವರು ರಾಮದುರ್ಗ. ಏಳನೇ ಇಯತ್ತೆ ಮುಗಿಸಿದ ವರ್ಷವೇ ಮದುವೆ. ಅವಳು ಬೈಲಹೊಂಗಲಕ್ಕೆ ಬಾಳುವೆಗೆ ಬಂದಾಗ ಗಂಡ ಹಣಮಂತಪ್ಪನ ಆಸ್ತಿ ಎಂದರೆ ಒಂದು ಹಿಟ್ಟಿನ ಗಿರಣಿ, ಎರಡು ಕೆಮ್ಮು. ಕೆಮ್ಮು ಬೆಳಗಿನದೊಂದು, ಸಂಜೆಯದೊಂದು. ಹಿಟ್ಟಿನ ಧೂಳು ಅವನಿಗೆ ಆಗಿಬರುತ್ತಿರಲಿಲ್ಲ. ಹೀಗಾಗಿ ಗಿರಣಿಯ ಮುಂದೆ ಇಂದ್ರವ್ವ ನಿಂತಳು, ಒಲೆಯ ಮುಂದೆ ಹಣಮಂತಪ್ಪ ಕುಳಿತ. ಓಣಿಯವರು ನಕ್ಕರು. ಆದರೆ ಆತ ಬಡಿದ ಜೋಳದ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತೆಂದರೆ ಅದನ್ನು ಕಣ್ಣಿಗೆ ಅಡ್ಡ ಹಿಡಿದು ಪಂಚಾಂಗ ಓದಬಹುದಿತ್ತು. ರೊಟ್ಟಿ ತಿಂದ ಮೇಲೆ ನಗುವವರು ಕಡಿಮೆಯಾದರು.

ಗಿರಣಿಯ ಚಕ್ರ ತಿರುಗಿಸುವ ಪಟ್ಟಾದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಇಂದ್ರವ್ವನ ಗಂಟಲು ಕಬ್ಬಿಣವಾಗಿತ್ತು. ಅವಳು ಯಾರದಾದರೂ ಕಿವಿಯಲ್ಲಿ ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಸವದತ್ತಿ ಬಸ್ಸಿನ ಕಂಡಕ್ಟರ್ “ಹೌದೇನ್ರಿ?” ಎನ್ನುತ್ತಿದ್ದ. ಹಗಲು ಕರೆಂಟು ಹೋದಾಗ ಮಾತ್ರ ಅವಳಿಗೆ ಬಿಡುವು. ತೊಂಬತ್ತರ ಆ ಆರಂಭದ ವರ್ಷಗಳಲ್ಲಿ ನಮ್ಮಲ್ಲಿ ಕರೆಂಟು ಬೀಗರ ಹಾಗೆ ಬರುತ್ತಿತ್ತು. ಚಹಾ ಕುಡಿಯುವಷ್ಟು ಹೊತ್ತು ಕೂತು ಎದ್ದು ಹೋಗುತ್ತಿತ್ತು. ಆ ಬಿಡುವಿನಲ್ಲಿ ಇಂದ್ರವ್ವ ಊರ ಗ್ರಂಥಾಲಯದಲ್ಲಿದ್ದ ಆಕಾಶದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದಳು. ಮುಗಿದ ಮೇಲೆ ತಾನೇ ಬರೆಯತೊಡಗಿದಳು.

ಏನು ಬರೆಯುವುದೆಂದು ಅವಳು ತಡಕಾಡಲಿಲ್ಲ. ಎಂಬತ್ತಾರರಲ್ಲಿ ಧೂಮಕೇತು ಬಂದಿತ್ತಲ್ಲ, ಓಣಿಯವರೆಲ್ಲ ಬೆಳಗಿನ ಜಾವ ಮಾಳಿಗೆ ಹತ್ತಿ ನೋಡಿದ್ದೆವು. ನಮ್ಮ ಕಣ್ಣಿಗೆ ಬಿದ್ದದ್ದು ಯಾರೋ ಗೋಡೆಗೆ ಸುಣ್ಣ ಒರೆಸಿದಂಥ ಕಲೆ. ಬರ ಬರುತ್ತದೆ, ರಾಜಕಾರಣಿ ಸಾಯುತ್ತಾನೆ ಎಂದು ಎಲ್ಲರೂ ಭಯಪಟ್ಟು ಕೆಳಗಿಳಿದರು. ಇಂದ್ರವ್ವ ಒಬ್ಬಳೇ ಇಳಿಯಲಿಲ್ಲ.

“ಎಷ್ಟ ದೂರದಿಂದ ಬಂದೈತಿ ನೋಡ್ರಿ ಅಯ್ನೋರ,” ಎಂದಳು ನನಗೆ. “ಯಾರ ಮನಿ ಮುಂದೂ ನಿಲ್ಲದ ಹೊಂಟೈತಿ.”

ಕಾದಂಬರಿ ಹುಟ್ಟಿದ್ದು ಅಲ್ಲಿ. ನಾಯಕಿ ಗಂಗಾ, ಕಿತ್ತೂರ ಹತ್ತಿರದ ದೇಗಾಂವದ ಹುಡುಗಿ. ದೇಗಾಂವವೇ ಯಾಕೆ ಎಂದರೆ, ಇಂದ್ರವ್ವ ಒಮ್ಮೆ ಅಲ್ಲಿಗೆ ಮದುವೆಗೆ ಹೋದಾಗ ಕಮಲನಾರಾಯಣ ಗುಡಿಯ ಆಚೆಗಿನ ಹೊಲ ಸಪಾಟಾಗಿ ಕಂಡಿತ್ತಂತೆ, ವಿಮಾನ ಏರಿಸಲು ಅನುಕೂಲ. ವಿಮಾನವೋ, ಅದಕ್ಕೊಂದು ಪಟ್ಟಾ, ತಲೆಯ ಮೇಲೆ ಕಾಳು ಸುರಿಯುವ ಹಾಗಿನ ಬುಟ್ಟಿ, ಕರೆಂಟು ಬರುವ ಮೊದಲು ಗಿರಣಿಗಿದ್ದ ಎಣ್ಣೆ ಇಂಜಿನ್ನಿನ ಹಾಗೆ ಶುರುಮಾಡಲು ಇಬ್ಬರು ಸೇರಿ ತಿರುಗಿಸುವ ಹ್ಯಾಂಡಲು. ಬೈಲಹೊಂಗಲದಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಗುರುತು ಹಿಡಿಯಬಹುದಾದ ಗಿರಣಿ ಅದು. ಮಂಗಳಗ್ರಹದ ಕಳ್ಳರು, ಶನಿಯ ಉಂಗುರದಲ್ಲಿ ಕುದುರೆ ಓಟ, ಉಕ್ಕಿನ ಹಲ್ಲಿನ ರಾಕ್ಷಸ. ಎಲ್ಲರನ್ನೂ ಗಂಗಾ ಬಡಿಯುತ್ತಾಳೆ. ಕೊನೆಗೆ ಧೂಮಕೇತುವಿನ ಬೆನ್ನೇರುತ್ತಾಳೆ. ಹೊರಟೇ ಹೋಗುತ್ತಾಳೆ. ತಿರುಗಿ ಬರುವುದಿಲ್ಲ.

ಬರೆದ ಹಾಳೆಗಳನ್ನು ಹೊತ್ತು ಒಂದು ದಿನ ನನ್ನ ಮುದ್ರಣಾಲಯಕ್ಕೆ ಬಂದಳು.

“ಅಯ್ನೋರ, ಅಚ್ಚ ಹಾಕ್ತೀರೇನ್ರಿ?”

“ಯಾರ ಲಗ್ನ?” ಎಂದೆ. ಮೂವತ್ತು ವರ್ಷ ಮದುವೆಯ ಕಾರ್ಡು ಅಚ್ಚು ಹಾಕಿದ ಬಾಯಿಗೆ ಬೇರೆ ಪ್ರಶ್ನೆ ಎಲ್ಲಿಂದ ಬರಬೇಕು?

“ಲಗ್ನ ಅಲ್ಲ. ಲಗ್ನ ಬಿಟ್ಟು ಹೊಂಟಾಕಿ ಕಥಿ.”

ಹಾಳೆಗಳನ್ನು ಝಾಡಿಸಿದೆ. ಬಿದ್ದ ಹಿಟ್ಟಿನಲ್ಲಿ ಎರಡು ದಿನದ ರೊಟ್ಟಿಯಾಯಿತು. ಓದಿದೆ. ಚೆನ್ನಾಗಿತ್ತು. ಹಾಕಿದೆ.

ಈಗ ನನ್ನ ಮುದ್ರಣಾಲಯದ ಪದ್ಧತಿ ಸ್ವಲ್ಪ ಹೇಳಬೇಕು. ಒಂದೊಂದು ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಅದು. ಮದುವೆಯ ಕಾರ್ಡಿರಲಿ, ಹತ್ತಿ ಮಾರಾಟದ ಹ್ಯಾಂಡ್‌ಬಿಲ್ಲಿರಲಿ, ಚುನಾವಣೆಯಲ್ಲಿ ಎದುರಾಳಿಯನ್ನು ಬಯ್ಯುವ ಕರಪತ್ರವಿರಲಿ, ಮೇಲಿನ ಸಾಲು ‘ಶ್ರೀ ಗುರು ಬಸವಲಿಂಗಾಯ ನಮಃ’. ಆ ಸಾಲಿನ ಮೊಳೆಗಳು ನಮ್ಮಪ್ಪನ ಕಾಲದಿಂದ ಚೌಕಟ್ಟಿನಲ್ಲಿ ಕೂತುಬಿಟ್ಟಿದ್ದವು, ಬಿಚ್ಚಿದವರಿಲ್ಲ. ಕಾದಂಬರಿಯ ಮೊದಲ ಪುಟದ ನೆತ್ತಿಗೂ ಅದೇ ಬಂತು. ಸುತ್ತಲಿನ ಅಂಚಿಗೆ ಇದ್ದದ್ದು ಮಾವಿನ ತೋರಣ, ಎರಡು ಮೂಲೆಗೆ ಕಳಸ. ಮುಖಪುಟಕ್ಕೆ ಆಕಾಶವಿಮಾನದ ಚಿತ್ರ ಬೇಕಲ್ಲ, ಪಟಾಕಿ ಅಂಗಡಿಯವರ ಜಾಹೀರಾತಿನ ರಾಕೆಟ್ ಬ್ಲಾಕು ಹಾಕಿದೆ.

ಇಂದ್ರವ್ವ ಮುಖಪುಟ ನೋಡಿ ಸೊಂಟದ ಮೇಲೆ ಕೈಯಿಟ್ಟಳು. “ಇದೇನ್ರಿ ಅಯ್ನೋರ, ನನ್ನ ಗಂಗಾ ದೀಪಾವಳಿಗೆ ಹೊಂಟಾಳೇನು?”

“ಹೆಂಗೂ ಮ್ಯಾಲ ಹೊಕ್ಕಾಳಲ್ಲ,” ಎಂದೆ.

ಪುಸ್ತಕದ ಗಂಟುಗಳನ್ನು ನಾಲ್ಕೂ ಊರಿನ ಅಂಗಡಿಗಳಿಗೆ ಬಸ್ಸಿನಲ್ಲಿ ಕಳಿಸಿದೆ. ಕಳಿಸಿದ ಗಂಟು ಕಳಿಸಿದ ಹಾಗೇ ಇದ್ದವು. ಒಂದು ಮಳೆಗಾಲ ಹೋಯಿತು, ಒಂದು ಬೇಸಿಗೆ ಹೋಯಿತು. ಆಮೇಲೆ ತೊಂಬತ್ತೈದರ ಶ್ರಾವಣ ಬಂತು ನೋಡಿ, ಎಲ್ಲಿ ನೋಡಿದಲ್ಲಿ ಗಂಗಾ! ಬಸ್ಸಿನಲ್ಲಿ ಗಂಗಾ, ಬಾವಿಯ ಕಟ್ಟೆಯಲ್ಲಿ ಗಂಗಾ, ಹಜಾಮನ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ನಿಂತು ಶನಿಯ ಉಂಗುರ ಎಷ್ಟು ಅಗಲ ಎಂದು ಕೈ ಚಾಚಿ ತೋರಿಸುತ್ತಿದ್ದ. ಅಂಗಡಿಗಳಲ್ಲಿ ಗಂಟು ಬಿಚ್ಚಿರಲಿಲ್ಲ ಎಂಬುದು ಖರೆ. ಒಂದು ಪುಸ್ತಕವನ್ನು ನೂರು ಜನ ಕೈಬದಲಿ ಓದುತ್ತಿರಬೇಕು ಎಂದುಕೊಂಡು ನಾನು ಮೀಸೆ ತಿರುವಿದೆ.

ಜನ ಗಿರಣಿಗೇ ಬಂದು ತಕರಾರು ತೆಗೆಯತೊಡಗಿದರು. ರಾಮದುರ್ಗದಿಂದ ಜಟ್ಟೆಪ್ಪನೆಂಬ ನೇಕಾರ ಬಂದ. ಬಂದವನೇ ಕೇಳಿದ, “ಇಂದ್ರವ್ವಾರ, ಆ ವಿಮಾನದಾಗ ಎಲ್ಲಾ ತೇಲ್ತೈತಂತ. ಹಂಗಾರ ಆಕಿ ಸೀರಿ ನಿರಗಿ ಹೆಂಗ ನಿಂತಾವು?”

“ಕಚ್ಚಿ ಹಾಕ್ಯಾಳ,” ಎಂದಳು ಇಂದ್ರವ್ವ, ಕಾಳು ಸುರಿಯುತ್ತಲೇ.

“ಯಾವೂರ ಸೀರಿ?”

“ರಾಮದುರ್ಗದ್ದ. ಬ್ಯಾರೆ ಯಾವದು ಅಷ್ಟ ದೂರ ತಾಳ್ತೈತಿ?”

ಜಟ್ಟೆಪ್ಪ ಎದೆ ಉಬ್ಬಿಸಿಕೊಂಡು ಹೋದ. ಸವದತ್ತಿಯಿಂದ ಬಂದ ಸಾವಿತ್ರೆವ್ವ ಎಂಬ ಬಳೆಗಾರ್ತಿಗೆ ಬೇರೆಯೇ ಚಿಂತೆ. ಮೇಲೆ ಹಗಲು ರಾತ್ರಿ ಇಲ್ಲದಿದ್ದರೆ ಗಂಗಾ ಸೋಮವಾರದ ಒಪ್ಪತ್ತು ಹಿಡಿಯುವುದು ಹೇಗೆ?

“ಹಸಿವಿಲ್ಲದ ದಿನಾನ ಸೋಮವಾರ ಅಂತ ತಿಳಕೊಂತಾಳವ್ವ,” ಎಂದಳು ಇಂದ್ರವ್ವ.

ಇವೆಲ್ಲ ತಮಾಷೆ. ಆದರೆ ಬಂದವರೆಲ್ಲ ಹೋಗುವಾಗ ಒಂದೇ ಮಾತು ಹೇಳುತ್ತಿದ್ದರು: ಆಕಿನ್ನ ಹೊಳ್ಳಿ ಮನಿಗೆ ಕರಕೊಂಡ ಬರ್ರಿ. ಜನ ಕೇಳಿದ್ದನ್ನು ಕೊಡುವುದು ವ್ಯಾಪಾರದ ಧರ್ಮ. ನಾನೂ ಹೇಳಿದೆ. “ಕೊನೀ ಹಾಳಿ ಹರದು ಬ್ಯಾರೆ ಹಾಳಿ ಅಂಟಸೂನ್ರಿ. ಗಂಗಾ ಊರಿಗೆ ಬಂದ್ಲು, ಆರತಿ ಮಾಡಿದ್ರು, ಮುಗೀತು. ಏನ ಗಂಟ ಹೊಕ್ಕೈತಿ?”

ಇಂದ್ರವ್ವ ಬುಟ್ಟಿಯಿಂದ ಒಂದು ಹಿಡಿ ಜೋಳ ತೆಗೆದು ನನ್ನ ಮುಂದೆ ಹಿಡಿದಳು. “ಇದನ್ನ ಗಿರಣ್ಯಾಗ ಹಾಕಿದ್ರ ಹಿಟ್ಟಾಗಿ ಆ ಕಡೆ ಬರಬೇಕು ಅಯ್ನೋರ. ಹೊಳ್ಳಿ ಜ್ವಾಳಾಗಿ ಈ ಕಡೆ ಬಂದ್ರ ಆ ಗಿರಣಿಗೆ ಬೆಂಕಿ ಹಚ್ಚಬೇಕು. ಆಕಿ ಏನೇನೋ ಕಂಡಾಳ, ಹಿಂದಿನ ಗಂಗಾ ಉಳದಿಲ್ಲ. ಎಲ್ಲಾ ಕಥ್ಯಾಗೂ ಹೆಣ್ಣಮಕ್ಕಳು ಹೊಳ್ಳಿ ಬರ್ತಾರ. ನಾ ಬರದದ್ರಾಗ ಒಬ್ಬಾಕೆರ ಮುಂದ ಹೋಗ್ಲಿ.”

ನಾನು ಜೋಳವನ್ನು ಬಾಯಿಗೆ ಹಾಕಿಕೊಂಡು ಮುದ್ರಣಾಲಯದ ಹಾದಿ ಹಿಡಿದೆ.

ಶ್ರಾವಣದ ಕೊನೆಯ ವಾರ. ನಾನು ಗಿರಣಿಯಲ್ಲೇ ಇದ್ದೆ. ದೇಗಾಂವದ ಗುರವ್ವನೆಂಬಾಕೆ ಬೈಲಹೊಂಗಲದ ತಂಗಿಯ ಮನೆಗೆ ಬಂದವಳು ಜೋಳದ ಡಬ್ಬಿ ಹೊತ್ತು ಬಂದಳು. ಪಟ್ಟಾ ಓಡುತ್ತಿತ್ತು. ಆ ಸದ್ದಿನ ಮೇಲೆ ಗುರವ್ವ ಕೂಗಿದಳು, “ಅಕ್ಕಾರ, ಗಂಗಾನ ಮಗನ್ನ ತೊಟ್ಟಲದಾಗ ಹಾಕೂದು ಏನ ಚಂದ ಬರದೀರಿ! ಅತ್ತು ಅತ್ತು ಸೆರಗ ತೊಯ್ದು ಹೋತು!”

ಇಂದ್ರವ್ವ ಗಿರಣಿ ನಿಲ್ಲಿಸಿದಳು. ಕರೆಂಟಿದ್ದಾಗ ಅವಳು ಗಿರಣಿ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಯಾರ ಮಗ?”

“ಗಂಗಾನ ಮಗಾರಿ. ಕಲ್ಮೇಶ.”

“ಎಲ್ಲಿಂದ ಬಂದಾ ಅಂವಾ?”

“ಎಲ್ಲಿಂದ ಅಂದ್ರ? ಹೋದ ಐತಾರ ಲಗ್ನ ಆತಲ್ಲರಿ.”

“ಯಾರ ಕೂಡ?”

“ಅಯ್ಯ, ಬರದಾರು ನೀವು, ಕೇಳೂದು ನನ್ನ! ಮಾಮಲೇದಾರ ಕೂಡ. ಗಂಗಾ ಧೂಮಕೇತು ಬಿಟ್ಟು ಇಳದ ಬಂದ್ಲಲ್ಲ, ಆಗ ಅಂವಾನ ಅಲ್ಲೇನ್ರಿ ಕೈ ಹಿಡದು ಇಳಿಸಿದಾಂವ? ಬರೂ ಅಮಾಸಿಗೆ ಓದೂದ ಮುಗದು ಮಂಗಲ ಐತಿ. ನಮ್ಮ ತಂಗೆವ್ವಾಯಿ ಓದಾಕತ್ತಾಳ.”

ಕೇಳುತ್ತ ಕೇಳುತ್ತ ವಿಷಯ ಬಿಚ್ಚಿಕೊಂಡಿತು. ಕಿತ್ತೂರಿನಲ್ಲಿ ಪೂಜಾಸಾಮಾನಿನ ಅಂಗಡಿಯವನು ಕಳಸ, ತೋರಣ, ಮೇಲಿನ ಸಾಲು ನೋಡಿ ನಮ್ಮ ಗಂಟಿನಿಂದ ಒಂದು ಪ್ರತಿ ಎಳೆದು ಪುರಾಣಗಳ ಸಾಲಿನಲ್ಲಿ ಇಟ್ಟಿದ್ದ. ದೇಗಾಂವದಲ್ಲಿ ಹೆಣ್ಣುಮಕ್ಕಳಿಗೆ ಪ್ರತಿ ಶ್ರಾವಣ ಪುರಾಣ ಓದಿ ಹೇಳುವ ತಂಗೆವ್ವ ಎಂಬ ಮುದುಕಿ, ಹೊಸ ಪುರಾಣ ಬಂದಿದೆ, ಅದೂ ನಮ್ಮೂರ ಹುಡುಗಿಯದು ಎಂದು ಕೊಂಡೊಯ್ದಿದ್ದಳು. ವ್ಯಾಸಪೀಠದ ಮೇಲಿಟ್ಟು, ಊದುಬತ್ತಿ ಹಚ್ಚಿ, ದಿನಕ್ಕಷ್ಟು ಓದುತ್ತಿದ್ದಳು. ಕೇಳಿದ ಹೆಣ್ಣುಮಕ್ಕಳು ಪಂಚಮಿಗೆಂದು ತವರಿಗೆ ಹೋಗುವಾಗ ಬರುವಾಗ ಕಥೆಯನ್ನು ಸವದತ್ತಿಗೆ, ರಾಮದುರ್ಗಕ್ಕೆ ಬಾಯಿಂದ ಬಾಯಿಗೆ ಒಯ್ದಿದ್ದರು. ಜಟ್ಟೆಪ್ಪ ಓದಿರಲಿಲ್ಲ, ಹೆಂಡತಿ ಹೇಳಿದ್ದಳು. ಬಳೆಗಾರ್ತಿಯೂ ಓದಿರಲಿಲ್ಲ, ಬಳೆ ತೊಡಿಸುವಾಗ ಕೇಳಿದ್ದಳು. ಅವರು ಕೇಳಿದಷ್ಟರಲ್ಲಿ ಗಂಗಾ ಇನ್ನೂ ಆಕಾಶದಲ್ಲೇ ಇದ್ದಳು.

ಆದ್ದರಿಂದ ಓದುಗರು ದಯಮಾಡಿ ಮೊದಲ ಪ್ಯಾರಾಕ್ಕೆ ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಓದದವರು ಇಬ್ಬರಲ್ಲ, ಓದಿದವರು ಇಬ್ಬರು. ಒಬ್ಬಳು ದೇಗಾಂವದ ತಂಗೆವ್ವ. ಇನ್ನೊಬ್ಬ ನಾನು. ನಾನೂ ತಿರುವುಮುರುವು ಅಕ್ಷರದ ಮೊಳೆ ಜೋಡಿಸುವವನಾದ್ದರಿಂದ ಬಹುಭಾಗ ತಲೆಕೆಳಗಾಗಿಯೇ ಓದಿದ್ದೇನೆ.

ಅಮಾವಾಸ್ಯೆಯ ದಿನ ಇಂದ್ರವ್ವ ಹೊಸ ಸೀರೆಯುಟ್ಟು ಹೊರಟಳು. ಹಣಮಂತಪ್ಪ ರೊಟ್ಟಿ, ಝುಣಕ ಕಟ್ಟಿಕೊಟ್ಟು, “ಹಸದ ಹೊಟ್ಟ್ಯಾಗ ಜಗಳಾ ಮಾಡಬ್ಯಾಡ, ಮಾತ ನೆಟ್ಟಗ ಬರೂದಿಲ್ಲ,” ಎಂದು ಬುದ್ಧಿ ಹೇಳಿದ. ನಾನೂ ಜೊತೆಗೆ ಹೋದೆ. ಕಿತ್ತೂರ ಬಸ್ಸಿನಲ್ಲಿ ಅವಳನ್ನು ತಣಿಸಲು ನೋಡಿದೆ.

“ಹೋಗ್ಲಿ ಬಿಡ್ರಿ. ನಾಕ ಊರಿನ ಮಂದಿ ನಿಮ್ಮ ಹೆಸರ ತಗೋತಾರ. ಕೊನೀ ಯಾವದಾದ್ರೇನು?”

“ಒಬ್ಬರ ಡಬ್ಬ್ಯಾಗ ಇನ್ನೊಬ್ಬರ ಹಿಟ್ಟ ಹಾಕಿ ಕೊಟ್ರ ನೀವು ಒಯ್ತೀರೇನ್ರಿ?”

“ಹಿಟ್ಟ ಚಲೋ ಇದ್ರ ಒಯ್ತೇನಿ.”

“ಅದಕ್ಕ ನೀವು ಅಚ್ಚ ಹಾಕ್ತೀರಿ, ನಾ ಬರೀತೇನಿ,” ಎಂದು ಕಿಡಕಿಯ ಕಡೆ ತಿರುಗಿದಳು. ಕಿತ್ತೂರಿನ ಕೋಟೆಗೋಡೆ ಕಂಡಾಗ ತಾನೇ ಅಂದಳು, “ಅವರಿಗೆ ಮನಸಿಗೆ ಬರದಿದ್ರ ಬಯ್ಯಲಿ. ಆದ್ರ ನಾ ಬರದದ್ದನ್ನ ಒಮ್ಮೆ ಕೇಳಿ ಬಯ್ಯಲಿ. ಕೇಳಸದ ಇವತ್ತ ನಾ ಹೊಳ್ಳಿ ಬಸ್ ಹತ್ತೂದಿಲ್ಲ.”

ದೇಗಾಂವದಲ್ಲಿ ಗುಡಿಯ ಮಗ್ಗುಲಿನ ಪಡಸಾಲೆ ತುಂಬಿ ಹೆಣ್ಣುಮಕ್ಕಳು ಕೂತಿದ್ದರು. ಆರತಿಯ ತಾಟು ಸಿದ್ಧವಾಗಿತ್ತು. ತಂಗೆವ್ವ ದಾರ ಕಟ್ಟಿದ ಚಾಳೀಸನ್ನು ಕಣ್ಣಿಗೆ ಏರಿಸಿಕೊಂಡು, ಪುಸ್ತಕದ ಮೇಲೆ ಬೆರಳಿಟ್ಟು, ರಾಗ ಎಳೆದು ಓದುತ್ತಿದ್ದಳು. “ಆಗ ಮಾಮಲೇದಾರ ಸಾಹೇಬರು ಕೂಸಿಗೆ ಬೆಳ್ಳಿಯ ಉಡಿದಾರವನ್ನು ತಂದು...” ನಾವು ಹಿಂದೆ ಕೂತೆವು. ಕೂತು ನೋಡಿದರೆ ಮುದುಕಿ ಹಾಳೆ ತಿರುವುತ್ತಲೇ ಇಲ್ಲ. ಉಡಿದಾರ ಮುಗಿದು, ಕಿವಿ ಚುಚ್ಚಿ, ಕೂಸು ನಡೆಯಲು ಕಲಿತು, ಶಾಲೆಗೆ ಹೆಸರು ಹಚ್ಚಿದರೂ ಬೆರಳು ಅದೇ ಸಾಲಿನ ಮೇಲಿತ್ತು.

ಇಂದ್ರವ್ವ ಎದ್ದು ನಿಂತಳು. “ಆಯಿ, ಅದು ಯಾವ ಹಾಳ್ಯಾಗ ಐತಿ?”

ಆ ಗಂಟಲಿಗೆ ಗುಡಿಯ ಪಾರಿವಾಳಗಳು ಎದ್ದವು. ಅವು ಧಾರವಾಡದಲ್ಲಿ ಇಳಿದವೆಂದು ಕೇಳಿದ್ದೇನೆ.

ತಂಗೆವ್ವ ಚಾಳೀಸಿನ ಮೇಲಿಂದ ನೋಡಿದಳು. “ಯಾವ ಹಾಳ್ಯಾಗೂ ಇಲ್ಲ. ನೀ ಯಾರವಾ?”

“ಬರದಾಕಿ.”

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಪುರಾಣ ಬರೆದವರು ಜೀವಂತ ಇರುತ್ತಾರೆಂದು ದೇಗಾಂವದವರಿಗೆ ಗೊತ್ತಿರಲಿಲ್ಲ. ಇಬ್ಬರು ಬಂದು ಇಂದ್ರವ್ವನ ಕಾಲು ಮುಟ್ಟಿದರು, ಒಬ್ಬಳು ತೋಳು ಚಿವುಟಿ ನೋಡಿದಳು.

ತಂಗೆವ್ವ ಮಾತ್ರ ಕದಲಲಿಲ್ಲ. “ಬರದಾಕಿ ನೀ ಖರೆ. ಮಂಗಲ ಹಾಡಾಕಿ ನಾನು. ನೀ ಬರದದ್ದು ಓದಿ ನೋಡೇನಿ. ಹುಡಿಗೀನ ಆಕಾಶದಾಗ ಬಿಟ್ಟು ಕೈ ಝಾಡಿಸಿದಿ. ಹಂಗ ನಡುವ ಬಿಟ್ಟು ಪುರಾಣ ಮುಗಿಸಿದ್ರ ಕೇಳಿದ ಮನಿಗೆ ಒಳ್ಳೇದಾಗೂದಿಲ್ಲ. ತಿಂಗಳಾನ ಕೂತು ಕೇಳ್ಯಾರ, ಬರಿಗೈಲೆ ಹೆಂಗ ಕಳಸ್ಲಿ?”

“ಇದು ಪುರಾಣ ಅಲ್ಲ ಆಯಿ.”

“ಅಲ್ಲಾ?” ತಂಗೆವ್ವ ಮೊದಲ ಪುಟ ತೆಗೆದು ಎತ್ತಿ ಹಿಡಿದಳು. “ಇಲ್ಲೇನೈತಿ? ಶ್ರೀ ಗುರು ಬಸವಲಿಂಗಾಯ ನಮಃ. ಇದನ್ನ ಯಾರ ಹಾಕಿದ್ರು?”

ಇಂದ್ರವ್ವ ನನ್ನ ಕಡೆ ನೋಡಿದಳು. ಪಡಸಾಲೆಯೆಲ್ಲ ನನ್ನ ಕಡೆ ನೋಡಿತು. ಕಮಲನಾರಾಯಣನೂ ಒಳಗಿನಿಂದ ಕತ್ತು ಚಾಚಿರಬೇಕು.

“ಅದು ಪದ್ಧತಿ,” ಎಂದೆ ನಾನು. “ಇದು ಕಾದಂಬರಿ. ಕಾದಂಬರಿ ಅಂದ್ರ... ಸುಳ್ಳ ಕಥಿ.”

ಹೇಳಬಾರದ ಮಾತು ಹೇಳಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಸತ್ಯವ್ವ, ಆ ಊರಿಗೇ ಹಿರಿಯಳು, ಕೋಲು ನೆಲಕ್ಕೆ ಕುಟ್ಟಿದಳು. “ಸುಳ್ಳಿಗೆ ನಾವು ತಿಂಗಳಾನ ಅತ್ತೇವೇನು?”

“ಸುಳ್ಳಲ್ಲ ಯವ್ವಾ,” ಎಂದಳು ಇಂದ್ರವ್ವ. “ಇನ್ನೂ ಆಗಿಲ್ಲ, ಅಷ್ಟ.”

ಸತ್ಯವ್ವ ಆ ಮಾತನ್ನು ಎಲೆಯಡಿಕೆಯ ಜೊತೆ ಸ್ವಲ್ಪ ಹೊತ್ತು ಜಗಿದಳು. ಆಮೇಲೆ, “ತಂಗೆವ್ವಾ, ಸರಿ. ಆಕಿ ಬರದದ್ದನ್ನ ಆಕೀನ ಓದ್ಲಿ. ಕೇಳೂನು,” ಎಂದಳು.

“ಮಂಗಲ ಕೆಟ್ರ ನನಗ ಹೇಳಬ್ಯಾಡ್ರಿ,” ಎಂದು ತಂಗೆವ್ವ ಸರಿದಳು. ಚಾಳೀಸು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಇಂದ್ರವ್ವ ವ್ಯಾಸಪೀಠದ ಮುಂದೆ ಕೂತು ಕೊನೆಯ ಅಧ್ಯಾಯ ತೆರೆದಳು. ಗಿರಣಿಯ ಗಂಟಲಿನಲ್ಲೇ ಓದತೊಡಗಿದಳು. ಗಂಗಾ ವಿಮಾನವನ್ನು ಧೂಮಕೇತುವಿನ ಹತ್ತಿರ ತರುತ್ತಾಳೆ. ಭೂಮಿಗೆ ಹಿಂದಿರುಗುವಷ್ಟು ಎಣ್ಣೆ ಇದೆ. ಕೆಳಗೆ ನೀಲಿ ಗೋಲಿಯಷ್ಟು ಭೂಮಿ. ಅವಳು ಅದನ್ನು ಕಣ್ತುಂಬ ನೋಡುತ್ತಾಳೆ. ಆಮೇಲೆ ಹಗ್ಗ ಬೀಸುತ್ತಾಳೆ. “ಹಗ್ಗ ಬಿಗಿಯಿತು. ಧೂಮಕೇತು ಅವಳನ್ನು ಎಳೆದುಕೊಳ್ಳಲಿಲ್ಲ, ಅವಳೇ ಹತ್ತಿದಳು. ಹಿಂದೆ ತಿರುಗಿ ನೋಡಲಿಲ್ಲ. ಮುಂದೆ ನೋಡುವುದು ಬಹಳ ಇತ್ತು.”

ಪುಸ್ತಕ ಮುಚ್ಚಿದಳು. ಪಡಸಾಲೆಯ ಕಣ್ಣೆಲ್ಲ ಸತ್ಯವ್ವನ ಕೋಲಿನ ಮೇಲೆ ಬಿದ್ದವು. ನಾನು ಬಸ್ಸಿನ ಹಾದಿ ಯಾವ ಕಡೆಗಿದೆ ಎಂದು ನೋಡಿಟ್ಟುಕೊಂಡೆ.

ಸತ್ಯವ್ವ ಕೇಳಿದಳು, “ಹೊಳ್ಳಿ ಬರೂದಿಲ್ಲಾ?”

“ಇಲ್ಲ.”

“ಯಾರರೆ ಬಡದು ಓಡಿಸ್ಯಾರೇನು?”

“ಇಲ್ಲ ಯವ್ವಾ. ತಾನ ಹೊಂಟಾಳ.”

“ಎಣ್ಣಿ ಇತ್ತಂದ್ಯಲ್ಲ?”

“ಇತ್ತು. ಬರಬೇಕಂದ್ರ ಬರತಿದ್ಲು.”

“ಆ ಮಾಮಲೇದಾರ?”

“ಅಂವನ್ನ ನಾ ಕಂಡ ಇಲ್ಲ.”

ಹಿಂದಿನಿಂದ ಒಬ್ಬಳು ಕಿಸಕ್ಕನೆ ನಕ್ಕಳು. “ಚಲೋ ಆತ ಬಿಡ. ನನಗಂತೂ ಅಂವಾ ಮನಸಿಗೇ ಬಂದಿದ್ದಿಲ್ಲ.” ಇನ್ನೊಬ್ಬಳು, “ಹಂಗಾರ ಕೂಸು?” ಎಂದು ಅಳುದನಿ ತೆಗೆದಳು. ಮತ್ತೊಬ್ಬಳು ಅವಳಿಗೆ, “ನಿನ್ನ ಮನ್ಯಾಗ ನಾಕ ಅದಾವಲ್ಲ, ಅವನ್ನ ಸಂಭಾಳಸು,” ಎಂದಳು. ಮಾತಿಗೆ ಮಾತು ಬೆಳೆಯಿತು. ಹೋಗಬಹುದು ಎನ್ನುವವರು ಒಂದು ಕಡೆ, ಹೋಗಬಾರದು ಎನ್ನುವವರು ಒಂದು ಕಡೆ. ಅಷ್ಟು ಜೋರಿನ ಸಾಹಿತ್ಯ ವಿಮರ್ಶೆಯನ್ನು ನಾನು ಆಮೇಲೆ ಯಾವ ಸಮ್ಮೇಳನದಲ್ಲೂ ಕೇಳಿಲ್ಲ. ಇಂದ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಕೂತೇ ಇದ್ದಳು. ಒಂದಕ್ಷರ ಬಿಟ್ಟುಕೊಡಲಿಲ್ಲ.

ಸತ್ಯವ್ವ ಕೋಲೆತ್ತಿದಳು. ಗದ್ದಲ ನಿಂತಿತು.

“ಹೊಂಟಾಳಂದ್ರ ಹೊಂಟಾಳ,” ಎಂದಳು. “ಆದ್ರ ನಾ ನಿನಗೊಂದ ಮಾತ ಕೇಳತೇನಿ ನೋಡು. ಹೆಣ್ಣಮಗಳನ್ನ ಅಷ್ಟ ದೂರ ಕಳಸೀದಿ, ಉಡಿ ತುಂಬೀದ್ಯೇನು?”

ಇಂದ್ರವ್ವ ಕೊನೆಯ ಪುಟವನ್ನು ಮತ್ತೊಮ್ಮೆ ತೆರೆದು ನೋಡಿದಳು. ಶನಿಗ್ರಹದ ತೂಕ, ಮಂಗಳದ ಮಣ್ಣಿನ ಬಣ್ಣ, ಎಲ್ಲ ಯೋಚಿಸಿ ಬರೆದಿದ್ದಳು. ಹೆಣ್ಣುಮಗಳನ್ನು ಕಳಿಸುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕುವ ಇದೊಂದು ಶಾಸ್ತ್ರ ಹೊಳೆದಿರಲಿಲ್ಲ.

“ಇಲ್ಲ ಯವ್ವಾ,” ಎಂದಳು, ಅವಳ ಗಂಟಲಿಗೆ ಅದು ಪಿಸುಮಾತು.

“ಅದಕ್ಕ ಎಲ್ಲಾರೂ ಹಿಂಗ ಜಗಳಾಡಾಕತ್ತಾರ. ಹೋಗೂದಕ್ಕಲ್ಲ. ಬರೇ ಉಡೀಲೆ ಹೋಗೂದಕ್ಕ. ಏಳ್ರೆ, ನೋಡಾಕತ್ತೀರೇನು?”

ಹೆಣ್ಣುಮಕ್ಕಳು ಮನೆಗಳಿಗೆ ಓಡಿದರು. ಓಡಿದ ರಭಸಕ್ಕೆ ಕಿತ್ತೂರಿನವರೆಗೆ ಧೂಳೆದ್ದಿತು. ಒಬ್ಬಳು ಅಕ್ಕಿ ತಂದಳು, ಒಬ್ಬಳು ಒಣಕೊಬ್ಬರಿ, ಒಬ್ಬಳು ಬೆಲ್ಲದಚ್ಚು, ಅರಿಷಿಣದ ಕೊಂಬು, ಎಲೆಯಡಿಕೆ, ಉತ್ತತ್ತಿ. ಗುರವ್ವ ಪೆಟ್ಟಿಗೆಯ ತಳದಿಂದ ಹಸಿರು ಕುಪ್ಪಸದ ಖಣ ತಂದಳು. ಪುಸ್ತಕವನ್ನು ಖಣದ ಮೇಲಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಒಬ್ಬೊಬ್ಬರೇ ಬಂದು ಅದರ ಉಡಿ ತುಂಬಿದರು. ಹೋಗಬಾರದು ಎಂದವರೂ ತುಂಬಿದರು. ಕೂಸಿಗೆ ಅತ್ತವಳು ಎಲ್ಲರಿಗಿಂತ ಹೆಚ್ಚು ತುಂಬಿದಳು. “ಹಾದ್ಯಾಗ ಹಸಿವಾದೀತು” ಎಂದು ಒಬ್ಬಳು ಶೇಂಗಾ ಹೋಳಿಗೆಯನ್ನೂ ಸೇರಿಸಿದಳು. ಕೊನೆಗೆ ಖಣದ ಗಂಟು ಕಟ್ಟಲು ಇಬ್ಬರು ಬೇಕಾದರು. ಆ ಗಂಟು ಹೊತ್ತು ವಿಮಾನ ಮೇಲೇಳುವುದು ಅನುಮಾನ ಎಂದು ನನಗನಿಸಿತು, ಹೇಳಲಿಲ್ಲ. ಆಗಲೇ ಒಂದು ಮಾತು ಹೆಚ್ಚು ಆಡಿದ್ದೆ.

ಎಲ್ಲರೂ ತಂಗೆವ್ವನ ಕಡೆ ನೋಡಿದರು. ಮುದುಕಿ ಇನ್ನೂ ಬಿಗಿದುಕೊಂಡೇ ಕೂತಿದ್ದಳು. ಆಮೇಲೆ ಚಾಳೀಸು ಹಾಕಿಕೊಂಡು ಎದ್ದು ಬಂದಳು. ಗಂಟಿನ ಮೇಲೆ ಐದು ಸಲ ಅಕ್ಷತೆ ಹಾಕಿ ಆರತಿ ಎತ್ತಿದಳು.

“ಹೋಗಿ ಬಾ ತಾಯಿ,” ಎಂದಳು, ಓರೆಗಣ್ಣಿನಿಂದ ಇಂದ್ರವ್ವನನ್ನು ನೋಡುತ್ತ.

ಆ ‘ಬಾ’ ಎಂಬುದಕ್ಕೆ ಇಂದ್ರವ್ವ ಜಗಳ ತೆಗೆಯಲಿಲ್ಲ. ಆಡುವವರ ಬಾಯಿ ಅವರದು, ಬರೆದ ಸಾಲು ತನ್ನದು. ಪಡಸಾಲೆ ತುಂಬ ಮಂಗಲದ ಹಾಡು ಎದ್ದಿತು.

ಮುಂದಿನ ಶ್ರಾವಣದಿಂದ ದೇಗಾಂವದಲ್ಲಿ ಕಥೆ ಇಂದ್ರವ್ವ ಬರೆದ ಹಾಗೆಯೇ ಮುಗಿಯುತ್ತಿತ್ತು. ಕೊನೆಯ ದಿನ ಉಡಿ ತುಂಬುವುದೊಂದು ಹೆಚ್ಚು. ಮಾಮಲೇದಾರನನ್ನು ಯಾರೂ ನೆನೆಸಲಿಲ್ಲ, ಸರಕಾರಿ ನೌಕರರ ಬಾಳೇ ಅಷ್ಟು. ಅಂಗಡಿಗಳಲ್ಲಿ ಗಂಟು ಬಿಚ್ಚತೊಡಗಿದವು. ಇಂದ್ರವ್ವ ಇನ್ನೆರಡು ಕಾದಂಬರಿ ಬರೆದಳು. ಗಿರಣಿ ನಡೆಯಿತು, ಹಣಮಂತಪ್ಪನ ರೊಟ್ಟಿ ಇನ್ನಷ್ಟು ತೆಳ್ಳಗಾಯಿತು.

ಎರಡು ಸಾವಿರದ ಮೂರರಲ್ಲಿ ಮೊದಲ ಕಾದಂಬರಿಯ ಎರಡನೇ ಮುದ್ರಣ ಬಂತು. ಅಷ್ಟು ಹೊತ್ತಿಗೆ ಸೀಸದ ಮೊಳೆಗಳು ಹೋಗಿ ನನ್ನಲ್ಲಿ ಕಂಪ್ಯೂಟರು ಕೂತಿತ್ತು. ಇಂದ್ರವ್ವನ ಕೂದಲು ಈಗ ಹಿಟ್ಟಿಲ್ಲದೆಯೇ ಬೆಳ್ಳಗಾಗಿತ್ತು. ಪರದೆಯ ಮೇಲೆ ಕೊನೆಯ ಪುಟ ತೋರಿಸುತ್ತಿದ್ದೆ. ಕೆಳಗೆ ಒಂದಿಷ್ಟು ಜಾಗ ಖಾಲಿ ಉಳಿದಿತ್ತು. ವ್ಯಾಪಾರದ ಬುದ್ಧಿ ಸುಮ್ಮನಿರುತ್ತದೆಯೇ?

“ಇಂದ್ರವ್ವಾರ, ಭಾಳ ಬ್ಯಾಡ್ರಿ. ಇಲ್ಲೆ ಒಂದ ಸಾಲ ಸೇರಸ್ತೇನಿ. ‘ಗಂಗಾ, ಬೇಗ ಬಾ’ ಅಂತ. ಅಷ್ಟ. ಮುಂದ ಎರಡನೇ ಭಾಗಕ್ಕೂ ಒಂದ ಹಾದಿ ಆಕ್ಕೈತಿ.”

ಇಂದ್ರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಉಡಿ ತುಂಬಿಸ್ಕೊಂಡು ಹೊಸ್ತಿಲಾ ದಾಟಿದಾಕಿನ್ನ ಬೆನ್ನ ಹಿಂದಿಂದ ಕೂಗಬಾರದಂತ ಅಂಬೆಗಾಲ ಇಡೂ ಕೂಸಿಗೂ ಗೊತ್ತೈತಿ ಅಯ್ನೋರ,” ಎಂದಳು. “ಬಾಯಿ ಮುಚ್ಚಕೊಂಡು ಅಚ್ಚ ಹಾಕ್ರಿ.”